ಮೂರು ಖಾಲಿ ಗೆರಿ

ಸೋಮವಾರ ಸಂಜಿ. ಸಾಲಿಂದ ಒಂದು ಕಾಗದ ತಂದಾಳ ರೂತ್.
ಅದರಾಗ ಮೂರು ಖಾಲಿ ಗೆರಿ:
ನಿಮ್ಮ ಅಜ್ಜಿಯ ಮೂರು ಮೌಲ್ಯಗಳನ್ನ ಬರೀರಿ.
ಅಡಿಗಿಮನಿ ಮೇಜಿಗೆ ಕೂತು, ಪೆನ್ನಿನ ತುದಿ ಕಚ್ಚಿಕೋತ,
"ಬೇಗ ಹೇಳಜ್ಜಿ" ಅಂತಾಳ, ಔಷಧದ ಚೀಟಿ ಕೇಳಿದಂಗ.

ಬೆಟಗೇರಿಯೊಳಗ ಆ ಶಬ್ದ ನಾ ಕೇಳಿದ್ದು
ಐತವಾರಕ್ಕೊಮ್ಮೆ, ಪಾಸ್ಟರ ಬಾಯಿಂದ.
ನಮ್ಮವ್ವನ ಹಂತ್ಯಾಕ ಇದ್ದದ್ದು ಎರಡ ಮಾತು:
ಹಂಗ ಮಾಡಬ್ಯಾಡ.
ಹೇಳಿದ್ದಿಲ್ಲೇನು, ಹಂಗ ಮಾಡಬ್ಯಾಡ.

"ಸುಳ್ಳು ಹೇಳಬಾರದು ಅಂತ ಬರಿ" ಅಂದೆ.
ಅಂದು ನಾಲಿಗಿ ಕಚ್ಚಿಕೊಂಡೆ.
ಮೂವತ್ತೊಂದು ವರ್ಷ ಇದ ಹಲ್ ಊರಿನ ಆಸ್ಪತ್ರ್ಯಾಗ ನೈಟ್ ಡ್ಯೂಟಿ.
ಎಷ್ಟ ಮಂದಿಗೆ ಅಂದೀನಿ,
"ಬೆಳಕು ಹರೀಲಿ, ನಿಮ್ಮ ಮಗಳು ಬರತಾಳ" ಅಂತ,
ಮಗಳು ಬರೂದಿಲ್ಲಂತ ಕೇಳಿ ಫೋನಿಟ್ಟ ಕೈಯಿಂದನ
ಅವರ ಹೊದಿಕಿ ಸರಿ ಮಾಡಿ.
ರೂತ್ ಆಗಲೇ ಬರದಿದ್ಲು. ಅಕ್ಷರ ದುಂಡಗ, ಅವರವ್ವನಂಗ.

"ದುಡೀಬೇಕು ಅಂತ ಬರಿ."
ದುಡದೀನಿ ಖರೆ.
ಸುಗುಣಾ ಮೊದಲ ಹೆಜ್ಜಿ ಇಟ್ಟದ್ದು ಪಕ್ಕದ ಮನಿ ಕಾರ್ಪೆಟ್ ಮ್ಯಾಲ.
ನಾ ಪರದೆ ಎಳದು ಹಗಲ ನಿದ್ದಿಯೊಳಗಿದ್ದೆ.

ಪಕ್ಕದ ಮನಿ ಅಂದ್ರ ಡೊರೀನ್.
ಮೊದಲ ಎರಡ ವರ್ಷ ನನ್ನ ಕೂಡ ಮಾತಿಲ್ಲ, ಕತಿ ಇಲ್ಲ.
ನಾ ಮೆಣಸಿನಕಾಯಿ ಹುರದ್ರ ಆಕಿ ಕಿಡಕಿ ಧಡ್ ಅಂತಿತ್ತು.
ಒಂದಿನ ಕೂಸಿನ ಅಳು ಗ್ವಾಡಿ ದಾಟಿ ಹೋಗಿ,
ಬಂದ್ಲು, ಏನೂ ಕೇಳಲಿಲ್ಲ, ಎತಗೊಂಡು ಹೋದ್ಲು.
ಹನ್ನೊಂದು ವರ್ಷ ಎತಗೊಂಡ ಇದ್ಲು ಅನ್ನು.
ಗುರೆಳ್ಳ ಚಟ್ನಿ ಮಾತ್ರ ಇವತ್ತಿಗೂ ಮುಟ್ಟೂದಿಲ್ಲ,
ಸುಟ್ಟ ಟಯರ್ ಅಂತಾಳ.

ಆಕಿ ಗಂಡ ಕೆನ್ ತೀರಿಕೊಂಡ ವಾರ,
ನಮ್ಮವರು ರಾತ್ರಿ ಊಟ ಮುಗಿಸಿ ಸುಮ್ನ ಎದ್ದು
ಹಿಂದಿನ ಟೆನ್‌ಫುಟ್ ಓಣಿಗೆ ಹೋಗಿ
ನಮ್ಮ ಕಸದ ಡಬ್ಬಿ ಜೋಡಿ ಆಕೀದೂ ದಬ್ಬಿಕೊಂಡು ಬಂದ್ರು.
ಒಂದ ವಾರ ನೀಲಿ, ಒಂದ ವಾರ ಕರಿ.
ಹದಿನೆಂಟು ವರ್ಷ ಅವರು. ಅವರು ಹೋದ ಮ್ಯಾಲ ನಾನು.
ಈ ಬಗ್ಗೆ ಡೊರೀನ್ ಒಂದ ಮಾತು ಆಡಿಲ್ಲ, ನಾನೂ ಆಡಿಲ್ಲ.
ಏಪ್ರಿಲ್ ಬಂತಂದ್ರ ನನ್ನ ಹೊಸ್ತಿಲ ಮ್ಯಾಲ
ಹಳೇ ಪೇಪರಿನ್ಯಾಗ ಸುತ್ತಿದ ರುಬಾರ್ಬ್ ಇರತೈತಿ,
ಅದನ್ನ ನಾ ಬ್ಯಾಳಿಗೆ ಹಾಕಿ ಹುಳಿ ಮಾಡತೀನಿ,
ಅದೂ ಆಕಿಗೆ ಗೊತ್ತಿಲ್ಲ.

ರೂತ್‌ಗ ಇದೆಲ್ಲಾ ಹೇಳಿದೆ. ಹೇಳಬಾರದಿತ್ತೇನೋ.
"ಇದನ್ನ ಏನಂತ ಬರೀಲಿ?" ಅಂದ್ಲು.
ಡಬ್ಬಿ ಅಂತ ಬರದ್ರ ಅವರ ಟೀಚರು ನಗತಾರ.
"ದಯೆ ಅಂತ ಬರದು ಮುಗಸವಾ" ಅಂದೆ.
ಬರದ್ಲು, ಮುಗೀತು, ಮ್ಯಾಲ ಹೋದ್ಲು.
ನನ್ನ ಮೊಣಕಾಲು ಅವತ್ತ ಕಲ್ಲಾಗಿತ್ತು,
ಹತ್ತು ಮಿನಿಟು ಕುಂದ್ರೂಣು ಅಂತ ಕೂತೆ.

ಹತ್ತರ ಮ್ಯಾಲ ಹಿತ್ತಲದಾಗ ಗಾಲಿ ಕಿರಗುಟ್ಟಿತು.
ಪರದೆ ಸರಿಸಿ ನೋಡಿದ್ರ
ನನ್ನ ಚಪ್ಪಲಿ ಹಾಕ್ಕೊಂಡು, ಕಿವ್ಯಾಗ ಏನೋ ತುರುಕಿಕೊಂಡು,
ಒಳಗ ಯಾವುದೋ ಹಾಡಿಗೆ ತಲಿ ಆಡಿಸಿಕೋತ
ರೂತ್ ಡೊರೀನಳ ಡಬ್ಬಿ ದಬ್ಬತಾಳ.

ತಪ್ಪು ಬಣ್ಣದ್ದು.

ಬಾಯಿ ತನಕ ಬಂತು, ನಮ್ಮವ್ವನ ಆ ಎರಡೂ ಮಾತು.
ನುಂಗಿಕೊಂಡೆ.

ನಸುಕಿನ್ಯಾಗ ಐದಕ್ಕ ಎದ್ದು ಕೋಟು ಸುತಗೊಂಡು ಹೋದೆ.
ಹಂಬರ್ ಕಡೆಯಿಂದ ಗಾಳಿ, ಕಣ್ಣಾಗ ನೀರು ಬರೂವಂಥಾದ್ದು.
ಮೂಲ್ಯಾಗ ಕೆನಿ ಬಣ್ಣದ ಫೋನ್ ಗೂಡು, ಒಳಗ ಯಾರೂ ಇಲ್ಲ.
ಕರೀದು ಒಳಗ. ನೀಲೀದು ಹೊರಗ.
ಸಪ್ಪಳ ಆಗಬಾರದಂತ ಡಬ್ಬಿನ್ನ ಕೂಸಿನಂಗ ತಬ್ಬಿಕೊಂಡೆ.
ಮ್ಯಾಲ ಡೊರೀನಳ ದೀಪ ಹತ್ತಿತು. ಆರಿತು.

ಎಂಟಕ್ಕ ಎದ್ದು ಬಂದ್ಲು ರೂತ್, ಕೂದಲ ಕೆದರಿಕೊಂಡು.
"ಲಾರಿ ಬಂತೇನಜ್ಜಿ?"
"ಬಂತವಾ. ನೀ ಇಟ್ಟದ್ದನ್ನ ತಗೊಂಡು ಹೋತು."

ಕಾಗದ ಮೇಜಿನ ಮ್ಯಾಲ ಇತ್ತು.
ಮೊದಲನೇ ಗೆರಿ ಮ್ಯಾಲ ನನ್ನ ಚಾದ ಕಪ್ಪಿಟ್ಟಿದ್ದೆ,
ಗುಂಡನ ಕಲಿ ಬಿದ್ದಿತ್ತು.
ಹಂಗ ಮಡಚಿ ಚೀಲದಾಗ ಹಾಕಿಕೊಂಡು ಸಾಲಿಗೆ ಓಡಿದ್ಲು.